ಪೆಟ್ಟಿಗಿ ನಂಬರ್ ೪೧೭

ಉದ್ಯಮಬಾಗದಾಗ ನಮ್ಮ ಶೆಡ್ಡಿಗೆ ಬೋರ್ಡಿಲ್ಲ.
ಎಡಕ್ಕ ಫೌಂಡ್ರಿ, ಬಲಕ್ಕ ಗ್ರೈಂಡಿಂಗು,
ನಡುವ ನಾವು ಏಳು ಮಂದಿ
ಪಂಪಿಗೆ ಬಾಯಿ ಕೂಡಸ್ತೀವಿ.

ಬಾಯಿ ಅಂದ್ರ ಒಂದು ಕರೀ ಪೆಟ್ಟಿಗಿ,
ತಂಬಾಕಿನ ಡಬ್ಬಿಗಿಂತ ಚೂರು ದೊಡ್ಡದು.
ಒಳಗ ಜೋಳದ ಕಾಳಿನಷ್ಟು ಸಿಮ್ಮು,
ತಗಿಯಾಕ ಬರೂದಿಲ್ಲ, ಬೆಸುಗಿ ಹಾಕಿರ್ತೀವಿ.
ಅದಕ್ಕ ಸ್ವಂತ ಊರಿಲ್ಲ.
ಓಮಾನಿಗೆ ಹೋದ್ರ ಓಮಾನಿಂದು,
ಪೆರುವಿಗೆ ಹೋದ್ರ ಪೆರುವಿಂದು,
ಹಡಗಿನ್ಯಾಗ ಯಾರದೂ ಅಲ್ಲ.

ಕಳಸೂಕಿಂತ ಮೊದಲ ಪರೀಕ್ಷಾ ಆಗಬೇಕು.
ನಾನೂ ಮುನೀರನೂ
ಟೆಂಪೋದಾಗ ನಾಲ್ವತ್ತು ಪೆಟ್ಟಿಗಿ ಏರಿಸಿ
ಜಾಂಬೋಟಿ ದಾಟಿ ಚೋರ್ಲಾ ಘಾಟಿಗೆ ಹೊಂಡ್ತೀವಿ.
ಕಣಕುಂಬಿ ಬಂತಂದ್ರ
ಕಂಪನಿಗೋಳು ಒಂದೊಂದ ಕೈಬಿಡ್ತಾವ.
ಮೊದಲ ನನ್ನ ಫೋನು ಸಾಯ್ತೈತಿ, ಆಮ್ಯಾಲೆ ಮುನೀರಂದು.
ಹಿಂದ ತಾಡಪತ್ರಿ ಕೆಳಗ ಹಸರ ದೀಪ
ಆರ್ತಾವ, ಹುಡಕ್ತಾವ,
ಒಂದರ ಹಿಂದ ಒಂದು ಮತ್ತ ಹತ್ಕೋತಾವ:
ಗೋವಾದ ಕಡಿಂದ ಯಾವುದೋ ಟಾವರ್
"ಬಾ" ಅಂದಿರ್ತೈತಿ.
ಮುನೀರ ಚಹಾ ಊದಕೋತ ಅಂತಾನ,
"ಇವಕ್ಕ ನಮಗಿಂತ ಬಳಗ ಹೆಚ್ಚೈತಿ ನೋಡವಾ."

ಈ ಬುದ್ಧಿ ನನಗ ಹೊಸಾದಲ್ಲ.
ನಮ್ಮ ಆಯಿ ಬಳಿ ಮಾರಾಕಿ.
ಹೆಗಲಿಗೆ ಮಲಾರ ಹಾಕ್ಕೊಂಡು
ಶಹಾಪುರದಿಂದ ಕಾಕತಿ ತನಕ ನಡೀತಿದ್ಲು.
ಒಂದು ಬಾಗಲದಾಗ ಕನ್ನಡ, ಮಗ್ಗಲದಾಗ ಮರಾಠಿ,
ದರ್ಗಾದ ಓಣ್ಯಾಗ ಉರ್ದು, ಕ್ಯಾಂಪಿನಾಗ ಕೊಂಕಣಿ.
ಯಾವುದೂ ಪೂರ್ತಿ ಬರ್ತಿರಲಿಲ್ಲ.
ಮೊದಲ ಕೈ ಹಿಡೀತಿದ್ಲು,
ಗೆಣ್ಣು ಒತ್ತಿ ನೋಡ್ತಿದ್ಲು,
ಯಾವ ಮಾತಿಗೆ ಕೈ ಸಡ್ಲಾತು
ಆ ಮಾತಿನ್ಯಾಗ ಬಳಿ ಏರಸ್ತಿದ್ಲು.
ಲೆಕ್ಕ ಮಾತ್ರ ಎಲ್ಲಾ ಮನ್ಯಾಗೂ ಒಂದ:
ಏರಸೂವಾಗ ಒಡದ ಬಳಿಗೆ
ರೊಕ್ಕ ಹಿಡೀತಿರಲಿಲ್ಲ.

ಸಿಮ್ಮಿಗೂ ಟಾವರಿಗೂ ಆಗೂ ಮೊದಲ ಮಾತಿಗೆ
ನಮ್ಮ ಇಂಜಿನೀರ ಹ್ಯಾಂಡ್‌ಶೇಕ್ ಅಂತಾನ.
ನಾನು ನಕ್ಕೆ.
ಯಾಕ ಅಂತ ಕೇಳಿದ. ಹೇಳಲಿಲ್ಲ.

೪೧೭ ಹೋಗಿದ್ದು ಜಾಂಬಿಯಾಕ್ಕ.
ಗಡಿ ಹಂತೇಕ ಒಂದು ಹಳ್ಳಿ, ಸೋಲಾರ್ ಪಂಪು.
ಮೂರು ವಾರ ಛಲೋ ಮಾತಾಡ್ತು:
ನೀರು ಇಷ್ಟು, ಒತ್ತಡ ಇಷ್ಟು, ಬ್ಯಾಟರಿ ಇಷ್ಟು.
ಆಮ್ಯಾಲೆ ಸುಮ್ಮನಾತು.
ಪರದೆ ಮ್ಯಾಲೆ ಅದರ ಸಾಲು ಬೂದಿ ಬಣ್ಣ.
ಪಾಯಪ್ಪ ಚೌಗುಲಾ ವಾರೆಂಟಿ ಫೈಲು ತಗದು
ನನ್ನ ಕಡೆ ನೋಡಲಿಲ್ಲ;
ನೋಡಿದ್ರ ಬರೋಬ್ಬರಿ ಇರ್ತಿತ್ತು.
ಬೆಸುಗಿ ಹಾಕಿದ ಕೈ ನಂದು.
ಹನ್ನೊಂದು ದಿನ ಆ ಬೆರಳು
ಸೀರಿ ಸೆರಗಿಗೆ ಒರಸ್ಕೋತ ತಿರಗ್ಯಾಡಿದೆ.

ಹನ್ನೆರಡನೇ ದಿನ ನಸಕಿನ್ಯಾಗ
ದಿಂಬಿನ ಕೆಳಗ ಫೋನು ನಡಗ್ತು. ೪೧೭.
ಬ್ಯಾಟರಿ ಅರವತ್ತೊಂದು. ನೀರು ಹರದೈತಿ.
ಆದ್ರ ದೇಶದ ಕೋಡು ಬ್ಯಾರೆ.

ಆ ಊರಿನ ಟಾವರ್ ಗಾಳಿಗೆ ಬಿದ್ದಿತ್ತಂತ.
ಪೆಟ್ಟಿಗಿ ಮೊದಲನೇ ರಾತ್ರೀನ
ಹೊಳಿ ಆಚೀ ದೇಶದ ಟಾವರಿಗೆ ಕೈ ಚಾಚಿತ್ತಂತ.
ಆಚಿಯವರು ಪುಣೇದ ಸರ್ವರಿಗೆ ಕೇಳ್ಯಾರ:
ಇವಳು ನಿಮ್ಮಾಕಿ ಏನು?
ಲಿಸ್ಟಿನಾಗ ಆ ದೇಶದ ಹೆಸರಿಲ್ಲ,
ಸರ್ವರ್ ಅಲ್ಲ ಅಂದೈತಿ.
ದಿನಾ ನಾಕು ಸಲ ಬಾಗಲ ಬಡದೈತಿ,
ದಿನಾ ನಾಕು ಸಲ ನಾವ ಅಲ್ಲ ಅಂದೀವಿ.
ಹನ್ನೊಂದು ದಿನಕ್ಕ ಯಾರೋ ಒಬ್ಬಾವ
ಸುಟ್ಟಿ ಮುಗಿಸಿ ಬಂದು
ಒಂದು ಚೌಕದಾಗ ಟಿಕ್ ಹಾಕ್ಯಾನ.

ನೀರು ಅಷ್ಟೂ ದಿನ ಹರದಿತ್ತು.
ಹೇಳಾಕ ಬಿಟ್ಟಿರಲಿಲ್ಲ, ಅಷ್ಟ.

ತಿಂಗಳ ಕಡೀಗೆ ಬಿಲ್ಲು ಬಂತು.
ಆಚೀ ದೇಶದ ಹೆಸರಿಗೆ ಏಳು ರೂಪಾಯಿ ಹೆಚ್ಚಿಗಿ.
ಪಾಯಪ್ಪ ಕೆಂಪ ಪೆನ್ನಿಲೆ ಗೆರಿ ಎಳದು ಕೇಳಿದ,
"ಇದನ್ನ ಯಾವ ಖಾತೇಕ್ಕ ಹಾಕ್ಲಿ?"
ನನ್ನ ಕೈಯಾಗ ಕಾದ ಬೆಸುಗಿ ಕಡ್ಡಿ, ಮುಂದ ೫೦೨.
ತಲಿ ಎತ್ತಲಿಲ್ಲ.
"ಒಡದ ಬಳಿ ಖಾತೇಕ್ಕ," ಅಂದೆ.
"ಆಂ?" ಅಂದ.